ಗ್ರೌಂಡ್ ಪಾಸ್ ತಂದಿಟ್ಟ ಫಜೀತಿ

ಅವರು ಮೆಲ್ಬರ್ನ್‌ಗೆ ಬಂದಿಳಿದ ಮೂರನೇ ದಿನಕ್ಕೇ ತಮ್ಮ ನನ್ನ ಐಡಿ ಕಾರ್ಡ್ ಪತ್ತೆ ಹಚ್ಚಿಬಿಟ್ಟ. ವಾರ್ಡ್‌ರೋಬಿನಲ್ಲಿ, ಸ್ವೆಟರುಗಳ ಅಡಿಯಲ್ಲಿ, ಕಪ್ಪು ಏಪ್ರನ್‌ನಲ್ಲಿ ಸುತ್ತಿ ಬಚ್ಚಿಟ್ಟಿದ್ದೆ. ಕುತ್ತಿಗೆಗೆ ನೇತುಹಾಕುವ ದಾರ, ನಿದ್ದೆಗಣ್ಣಿನ ನನ್ನ ಫೋಟೊ, ಅದರ ಕೆಳಗೆ ‘ಕೇಟರಿಂಗ್’ ಎಂಬ ದಪ್ಪ ಅಕ್ಷರ.

‘ಅಣ್ಣ, ನೀನು ಪ್ರೊಫೆಸರ್ ಜೊತೆ ಪ್ರಾಜೆಕ್ಟ್ ಮಾಡ್ತಿದೀಯ ಅಂತ ಅಪ್ಪ ಊರಿಗೆಲ್ಲ ಹೇಳ್ಕೊಂಡು ಬಂದಿದಾರೆ ಕಣೋ’ ಎಂದ.

ಅವನಿಗಿನ್ನೂ ಒಂಬತ್ತನೇ ಕ್ಲಾಸು. ಆದರೆ ವ್ಯವಹಾರ ಚೆನ್ನಾಗಿ ಗೊತ್ತು. ಬಾಯಿ ಮುಚ್ಚಿಕೊಂಡಿರಲು ಅವನು ಕೇಳಿದ ಬೆಲೆ, ಆಟಗಾರರ ಕೈಯಲ್ಲಿ ಸಹಿ ಹಾಕಿಸಿಕೊಳ್ಳಲು ಮಾರುತ್ತಾರಲ್ಲ, ಫುಟ್‌ಬಾಲ್ ಗಾತ್ರದ ಆ ಟೆನಿಸ್ ಚೆಂಡು. ಒಪ್ಪಿಕೊಂಡೆ. ಬೇರೆ ದಾರಿ ಇರಲಿಲ್ಲ.

ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ. ನಾನು ಇಲ್ಲಿ ಮೆಕ್ಯಾನಿಕಲ್ ಬಿ.ಇ. ಓದುತ್ತಿದ್ದೇನೆ. ಅಪ್ಪ ಹಾಸನದ ಕಡೆ ಒಂದು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್. ನನ್ನ ಫೀಸಿಗಾಗಿ ನಮ್ಮ ಮನೆಯ ಪತ್ರ ಬ್ಯಾಂಕಿನ ಲಾಕರಿನಲ್ಲಿ ಕೂತಿದೆ. ಬಾಡಿಗೆಗೂ ಊರಿಂದಲೇ ದುಡ್ಡು ಕೇಳಬಾರದು ಅಂತ ಎರಡನೇ ವರ್ಷದಲ್ಲಿ ಒಂದು ರೆಸ್ಟೊರೆಂಟಿನಲ್ಲಿ ರಾತ್ರಿ ಪಾತ್ರೆ ತೊಳೆಯುವ ಕೆಲಸ ಹಿಡಿದೆ. ಸ್ಟೂಡೆಂಟ್ ವೀಸಾದಲ್ಲಿ ಇರುವವರು ಕಾಲೇಜು ನಡೆಯುವಾಗ ಎರಡು ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ನಾನು ಆ 48ರಲ್ಲಿ ಒಂದು ಗಂಟೆಯನ್ನೂ ಬಿಡುತ್ತಿರಲಿಲ್ಲ. ಬೆಳಿಗ್ಗೆ ಎಂಟರ ಕ್ಲಾಸು ಬಿಡುತ್ತಿದ್ದೆ. ನವೆಂಬರಿನಲ್ಲಿ ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ 43 ಬಂತು. ಪಾಸಾಗಲು 50 ಬೇಕು. ಇಲ್ಲಿ ಫೇಲಾದರೆ ಪರೀಕ್ಷೆ ಮಾತ್ರ ಕಟ್ಟಿದರೆ ಮುಗಿಯಲಿಲ್ಲ, ಇಡೀ ಸಬ್ಜೆಕ್ಟನ್ನು ಮತ್ತೆ ಓದಬೇಕು, ಅದರ ಪೂರ್ತಿ ಫೀಸನ್ನು ಮತ್ತೆ ಕಟ್ಟಬೇಕು. ನನಗೆ ಬಿದ್ದದ್ದು 5,600 ಡಾಲರ್. ನಮ್ಮ ಲೆಕ್ಕದಲ್ಲಿ ಮೂರು ಲಕ್ಷ ದಾಟುತ್ತದೆ. ಮನೆಗೆ ಫೋನಿನಲ್ಲಿ, ‘ರಿಸಲ್ಟ್ ಬಂತು, ಪರವಾಗಿಲ್ಲ’ ಅಂದಿದ್ದೆ. ‘ಪರವಾಗಿಲ್ಲ’ ಎಂಬ ಪದದಷ್ಟು ಉಪಕಾರಿ ಪದ ಕನ್ನಡದಲ್ಲಿ ಇನ್ನೊಂದಿಲ್ಲ.

ರಜೆಯಲ್ಲಿ ಗಂಟೆಗಳ ಮಿತಿ ಇರುವುದಿಲ್ಲ. ಜನವರಿ ಅಂದರೆ ಇಲ್ಲಿ ಬೇಸಿಗೆ, ಬೇಸಿಗೆ ಅಂದರೆ ಆಸ್ಟ್ರೇಲಿಯನ್ ಓಪನ್. ಟೂರ್ನಿ ನಡೆಯುವ ಮೆಲ್ಬರ್ನ್ ಪಾರ್ಕಿಗೆ ಆ ಹದಿನೈದು ದಿನಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಬರುತ್ತಾರೆ. ಅವರೆಲ್ಲ ತಿನ್ನಬೇಕು, ಕುಡಿಯಬೇಕು. ಹಾಗಾಗಿ ಆಟಗಾರರಿಗಿಂತ ಹತ್ತಾರು ಪಟ್ಟು ಹೆಚ್ಚು ಮಂದಿ ನನ್ನಂಥವರಿಗೆ ಅಲ್ಲಿ ತಾತ್ಕಾಲಿಕ ಕೆಲಸ ಸಿಗುತ್ತದೆ. ನನಗೆ ಸಿಕ್ಕಿದ್ದು ಆಲೂಗಡ್ಡೆ ಚಿಪ್ಸ್ ಕರಿಯುವ ಮಳಿಗೆ, ಗಂಟೆಗೆ 29 ಡಾಲರ್ ಚಿಲ್ಲರೆ. 5,600 ಭಾಗಿಸು 29 ಅಂದರೆ 193 ಗಂಟೆ. ಆ ಭಾಗಾಕಾರವನ್ನು ಎಷ್ಟು ಸಲ ಮಾಡಿದ್ದೇನೋ.

ಅಷ್ಟರಲ್ಲಿ ಅಪ್ಪ ಫೋನ್ ಮಾಡಿ, ಜನವರಿಯಲ್ಲಿ ನಿನ್ನನ್ನು ನೋಡಲು ಬರುತ್ತೇವೆ, ಟಿಕೆಟ್ ಬುಕ್ ಆಯಿತು ಅಂದರು. ಹಾಗೇ ಇನ್ನೊಂದು ಮಾತು: ‘ಹೇಗೂ ಆಸ್ಟ್ರೇಲಿಯನ್ ಓಪನ್ ಟೈಮು. ಬೋಪಣ್ಣನ ಆಟ ಒಂದು ನೋಡಬೇಕು ಕಣಪ್ಪ.’

ಅಪ್ಪನ ಮೊದಲ ಪೋಸ್ಟಿಂಗ್ ಮಡಿಕೇರಿಯಲ್ಲಿ. ಕೊಡಗಿನಲ್ಲಿ ಹಾಕಿಗೆ ಇರುವ ಮರ್ಯಾದೆ ಬೇರೆ ಆಟಕ್ಕಿಲ್ಲ. ಅಂಥ ಕಡೆಯಿಂದ, ಕಾಫಿ ತೋಟದ ಮನೆಯಿಂದ ಒಬ್ಬ ಹುಡುಗ ಟೆನಿಸ್ ರಾಕೆಟ್ ಹಿಡಿದು ಹೊರಟ ಅನ್ನುವುದೇ ಅಪ್ಪನಿಗೆ ದೊಡ್ಡ ಸೋಜಿಗ. ರೋಹನ್ ಬೋಪಣ್ಣ 2017ರಲ್ಲಿ ಫ್ರೆಂಚ್ ಓಪನ್ ಮಿಕ್ಸೆಡ್ ಡಬಲ್ಸ್ ಗೆದ್ದಾಗ ಸ್ಟಾಫ್ ರೂಮಿಗೆ ಮೈಸೂರ್ ಪಾಕ್ ಕೊಂಡೊಯ್ದಿದ್ದರು. ಇನ್ನೊಂದು ನೆನಪು ಅವರ ಕಾಲೇಜು ದಿನದ್ದು. 1989ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ರಮೇಶ್ ಕೃಷ್ಣನ್ ಆಗಿನ ಅಗ್ರ ಆಟಗಾರ ಮ್ಯಾಟ್ಸ್ ವಿಲಾಂಡರ್‌ರನ್ನು ಸೋಲಿಸಿದ ಸುದ್ದಿಯನ್ನು ಹಾಸ್ಟೆಲಿನ ರೇಡಿಯೊದಲ್ಲಿ ಕೇಳಿದ್ದು. ಟೆನಿಸ್ ಮಾತು ಬಂದರೆ ಆ ರೇಡಿಯೊ ಬರದೇ ಇರುವುದಿಲ್ಲ.

ನಾನು ಇರುವುದು ಕ್ಲೇಟನ್ ಎಂಬ ಕಡೆ, ಐದು ಜನ ಹುಡುಗರ ಬಾಡಿಗೆ ಮನೆ. ರಜೆಗೆ ಮೂವರು ಊರಿಗೆ ಹೋಗಿದ್ದರಿಂದ ರೂಮುಗಳು ಖಾಲಿ ಇದ್ದವು. ಏರ್‌ಪೋರ್ಟಿನಲ್ಲಿ ಅಮ್ಮನ ಚಟ್ನಿಪುಡಿ, ಉಪ್ಪಿನಕಾಯಿ ಎಲ್ಲವನ್ನೂ ಕಾರ್ಡಿನಲ್ಲಿ ಬರೆದು ಡಿಕ್ಲೇರ್ ಮಾಡಿಸಿ ಹೊರಗೆ ತರುವಷ್ಟರಲ್ಲಿ ಒಂದು ಗಂಟೆ ಹೋಯಿತು. ಮಾರನೆಯ ದಿನದಿಂದ ನಾನು ‘ಪ್ರಾಜೆಕ್ಟಿ’ಗೆ ಹೋಗತೊಡಗಿದೆ. ಅರ್ಹತಾ ಸುತ್ತಿನ ಪಂದ್ಯಗಳು ಆಗಲೇ ನಡೆಯುತ್ತಿದ್ದವು. ಮಧ್ಯಾಹ್ನ ಹೊರಟು ರಾತ್ರಿ ಹನ್ನೊಂದಕ್ಕೆ ಬಂದು, ಯಾರ ಜೊತೆಗೂ ಮಾತಾಡದೆ ಮೊದಲು ಸ್ನಾನಕ್ಕೆ ಹೋಗುತ್ತಿದ್ದೆ. ಅಪ್ಪ ಪ್ರಾಜೆಕ್ಟಿನ ವಿಷಯ ಏನು ಅಂತ ಕೇಳಿದರು. ‘ಹೀಟ್ ಟ್ರಾನ್ಸ್‌ಫರ್’ ಅಂದೆ. ಬಿಸಿ ಎಣ್ಣೆಯಿಂದ ಆಲೂಗಡ್ಡೆಗೆ ಶಾಖ ಹೋಗುವುದೂ ಅದೇ ಅಲ್ಲವೇ!

ಜನವರಿ 16, ಮಂಗಳವಾರ, ನನಗೆ ರಜೆ. ನಾಲ್ಕು ಗ್ರೌಂಡ್ ಪಾಸ್ ತೆಗೆದೆ. ಟೆನಿಸ್ ನೋಡುವುದೆಂದರೆ ಶ್ರೀಮಂತರ ಖಯಾಲಿ ಅನ್ನುವ ಅಭಿಪ್ರಾಯ ನನಗೂ ಇತ್ತು. ದೊಡ್ಡ ಸ್ಟೇಡಿಯಂಗಳ ಮಟ್ಟಿಗೆ ಅದು ನಿಜವೇ. ರಾಡ್ ಲೇವರ್ ಅರೀನಾ, ಮಾರ್ಗರೆಟ್ ಕೋರ್ಟ್ ಅರೀನಾಗಳಿಗೆ ಬೇರೆ ಟಿಕೆಟ್ ಬೇಕು, ಬೆಲೆ ಕೇಳಿದರೆ ನಮ್ಮಂಥವರು ಹಿಂದೆ ಸರಿಯಬೇಕು. ಆದರೆ ಆಗ ಮೊದಲ ವಾರದ ಗ್ರೌಂಡ್ ಪಾಸ್ ಸುಮಾರು 50 ಡಾಲರಿಗೆ ಸಿಗುತ್ತಿತ್ತು. ಅದನ್ನು ಹಿಡಿದು ಬೆಳಿಗ್ಗೆ ಒಳಗೆ ಹೊಕ್ಕರೆ ಹೊರಗಿನ ಸಣ್ಣ ಕೋರ್ಟುಗಳಲ್ಲಿ ಎಷ್ಟು ಪಂದ್ಯ ಬೇಕಾದರೂ ನೋಡಬಹುದು. ಪ್ರ್ಯಾಕ್ಟೀಸ್ ಕೋರ್ಟಿನ ಪಕ್ಕ ನಿಂತು ಟಿವಿಯಲ್ಲಿ ಕಂಡ ಮುಖಗಳನ್ನು ಹತ್ತಡಿ ದೂರದಿಂದ ನೋಡಬಹುದು. ನನ್ನನ್ನು ಕೇಳಿದರೆ ಮೊದಲ ವಾರದ ಸಣ್ಣ ಕೋರ್ಟುಗಳಷ್ಟು ಮಜಾ ಫೈನಲ್‌ನಲ್ಲೂ ಇಲ್ಲ. ಚೆಂಡು ರಾಕೆಟ್ಟಿಗೆ ಬಡಿದ ಸದ್ದು ನಮ್ಮ ಎದೆಗೇ ಬಡಿದ ಹಾಗೆ ಕೇಳುತ್ತದೆ. ಆಟಗಾರ ತನ್ನನ್ನು ತಾನೇ ಬೈದುಕೊಳ್ಳುವುದೂ ಕೇಳುತ್ತದೆ.

ಅಮ್ಮ ಬೆಳಿಗ್ಗೆ ಐದಕ್ಕೇ ಎದ್ದು ಪುಳಿಯೋಗರೆ ಕಲಸಿದ್ದಳು. ‘ಅಲ್ಲಿ ಒಂದು ಪ್ಲೇಟಿಗೆ ಸಾವಿರ ರೂಪಾಯಿ ಅಂತೆ, ಯಾರು ಕೊಡ್ತಾರೆ?’ ಬೆಲೆ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಸುಮ್ಮನಿದ್ದೆ. ರೈಲಿನಲ್ಲಿ ರಿಚ್‌ಮಂಡ್ ಸ್ಟೇಷನ್ನಿಗೆ ಬಂದು ನಡೆದೆವು. ಒಂದು ಬದಿಗೆ ಎಂಸಿಜಿ ಕ್ರಿಕೆಟ್ ಮೈದಾನ ಕಂಡಾಗ ತಮ್ಮ ಅಲ್ಲೇ ನಿಂತುಬಿಟ್ಟ. ಅವನನ್ನು ಎಳೆದುಕೊಂಡು ಹೋಗಬೇಕಾಯಿತು. ಗೇಟಿನಲ್ಲಿ ಬ್ಯಾಗ್ ತಪಾಸಣೆ. ಡಬ್ಬಿ ಬಿಚ್ಚಿಸಿದ ಸೆಕ್ಯುರಿಟಿಯವ ಇಂಗಿನ ಘಮಕ್ಕೆ ಹುಬ್ಬೇರಿಸಿ, ನಕ್ಕು, ಒಳಗೆ ಬಿಟ್ಟ.

ನಾನು ಮಾತ್ರ ಟೋಪಿಯನ್ನು ಕಣ್ಣಿನವರೆಗೆ ಇಳಿಸಿಕೊಂಡು, ನಮ್ಮ ಮಳಿಗೆ ಇರುವ ಬದಿಯನ್ನು ಬಿಟ್ಟು ಸುತ್ತು ಹಾಕಿ ಕರೆದುಕೊಂಡು ಹೋಗುತ್ತಿದ್ದೆ. ‘ಇಷ್ಟು ಚೆನ್ನಾಗಿ ದಾರಿ ಹೇಗೋ ಗೊತ್ತು?’ ಅಂತ ಅಪ್ಪ ಕೇಳಿದಾಗ, ‘ಮ್ಯಾಪ್ ನೋಡಿದ್ದೆ’ ಅಂದೆ. ತಮ್ಮ ಕೆಮ್ಮಿದ.

ಮೊದಲು ಕೂತದ್ದು ಯಾವುದೋ ಮಹಿಳೆಯರ ಪಂದ್ಯಕ್ಕೆ. ಅಪ್ಪ ಐದು ನಿಮಿಷ ನೋಡಿ, ‘ಲೈನ್ ಅಂಪೈರುಗಳು ಎಲ್ಲೋ?’ ಎಂದರು. 2021ರಿಂದ ಇಲ್ಲಿ ಯಾವ ಕೋರ್ಟಿನಲ್ಲೂ ಅವರಿಲ್ಲ. ಕೋರ್ಟಿನ ಸುತ್ತ ಎತ್ತರದಲ್ಲಿ ಕ್ಯಾಮೆರಾಗಳಿರುತ್ತವೆ. ಬೇರೆ ಬೇರೆ ಕೋನದಿಂದ ಕಂಡ ಚೆಂಡಿನ ಜಾಗವನ್ನು ಕಂಪ್ಯೂಟರ್ ಒಟ್ಟು ಸೇರಿಸಿ, ಅದು ನೆಲಕ್ಕೆ ಬಡಿದು ಚಪ್ಪಟೆಯಾದ ಗುರುತು ಗೆರೆಗೆ ತಾಗಿತೋ ಇಲ್ಲವೋ ಎಂದು ಲೆಕ್ಕ ಹಾಕುತ್ತದೆ. ಹೊರಗೆ ಬಿದ್ದರೆ ಮೊದಲೇ ರೆಕಾರ್ಡ್ ಮಾಡಿಟ್ಟ ದನಿ ‘ಔಟ್’ ಎಂದು ಕೂಗುತ್ತದೆ. ನಾನು ಉತ್ಸಾಹದಿಂದ ವಿವರಿಸಿದೆ. ಅಪ್ಪ ಕೇಳಿಸಿಕೊಂಡು, ‘ಹಾಗಾದರೆ ಒಂದೊಂದು ಕೋರ್ಟಿಗೆ ಅಷ್ಟಷ್ಟು ಜನರ ಕೆಲಸ ಹೋಯ್ತು ಅನ್ನು’ ಎಂದರು. ಪ್ಲೇಸ್‌ಮೆಂಟಿನ ಚಿಂತೆಯಲ್ಲಿರುವ ನಮ್ಮ ತಲೆಮಾರಿಗೆ ಮೊದಲು ಹೊಳೆಯಬೇಕಿದ್ದ ಮಾತು. ನನಗೆ ಕ್ಯಾಮೆರಾ ಮಾತ್ರ ಕಂಡಿತ್ತು.

ಅಮ್ಮನ ಕಣ್ಣು ಚೆಂಡು ಹೆಕ್ಕುವ ಮಕ್ಕಳ ಮೇಲೆ. ‘ನಮ್ಮ ಚಿಕ್ಕವನ ವಯಸ್ಸು ಅಷ್ಟೇ. ಬಿಸಿಲಲ್ಲಿ ಹೇಗೆ ಓಡ್ತವೆ ನೋಡು. ಇವನು ಮನೇಲಿ ಕೆಳಗೆ ಬಿದ್ದ ಸಾಕ್ಸ್ ಎತ್ತಲ್ಲ.’ ಬಿಸಿಲು ಜೋರಾದರೆ ಏನು ಮಾಡುತ್ತಾರೆ ಅಂತ ಕೇಳಿದಳು. ಗಾಳಿಯ ಉಷ್ಣತೆ, ಬಿಸಿಲಿನ ಝಳ, ತೇವಾಂಶ, ಗಾಳಿಯ ವೇಗ ನಾಲ್ಕನ್ನೂ ಸೇರಿಸಿ 1ರಿಂದ 5ರವರೆಗೆ ಒಂದು ಅಳತೆ ಇಟ್ಟಿದ್ದಾರೆ, 5 ಮುಟ್ಟಿದರೆ ಆಟ ನಿಲ್ಲಿಸುತ್ತಾರೆ ಎಂದೆ. ‘ನೋಡೋಕೆ ಬಂದವರಿಗೆ ಅಳತೆ ಇಲ್ವಾ?’ ಅಂದಳು, ಸೆರಗಿನಲ್ಲಿ ಬೆವರು ಒರೆಸಿಕೊಂಡು.

ಆಮೇಲೆ ಬಂತು ನೋಡಿ ನಿಜವಾದ ಸಂಕಟ. ಒಬ್ಬಳು ಜೋರಾಗಿ ಹೊಡೆದ ಚೆಂಡು ಹೊರಗೆ ಹೋಯಿತು ಅಂದುಕೊಳ್ಳುವಷ್ಟರಲ್ಲಿ ಗಕ್ಕನೆ ಇಳಿದು ಗೆರೆಯ ಒಳಗೆ ಬಿತ್ತು. ಅಪ್ಪನೊಳಗಿನ ಮೇಷ್ಟ್ರು ಎದ್ದರು. ‘ಟಾಪ್‌ಸ್ಪಿನ್ ಹಾಕಿದ ಚೆಂಡು ಯಾಕೋ ಹೀಗೆ ಬೇಗ ಇಳಿಯುತ್ತೆ? ನಿಂಗೆ ಫ್ಲೂಯಿಡ್ ಮೆಕ್ಯಾನಿಕ್ಸ್ ಆಯ್ತಲ್ಲ ಹೋದ ಸೆಮಿಸ್ಟರು.’

ಗಂಟಲು ಒಣಗಿತು. ಮ್ಯಾಗ್ನಸ್ ಎಫೆಕ್ಟ್, ಬರ್ನೂಲಿ ಎಂದೇನೋ ತೊದಲಿದೆ. ಅಪ್ಪ ನೀರಿನ ಬಾಟಲಿಯ ಮುಚ್ಚಳವನ್ನು ಬೆರಳಲ್ಲಿ ತಿರುಗಿಸಿ ತೋರಿಸಿದರು. ತಿರುಗುವ ಚೆಂಡು ತನ್ನ ಮೈಗೆ ಅಂಟಿದ ಗಾಳಿಯನ್ನೂ ಜೊತೆಗೆ ಎಳೆಯುತ್ತದೆ, ಹಿಂದೆ ಬಿಟ್ಟುಹೋಗುವ ಗಾಳಿ ಮೇಲ್ಮುಖವಾಗಿ ಸರಿಯುತ್ತದೆ, ಗಾಳಿಯನ್ನು ಮೇಲೆ ತಳ್ಳಿದ ಚೆಂಡು ತಾನು ಕೆಳಗೆ ತಳ್ಳಿಸಿಕೊಳ್ಳುತ್ತದೆ, ನ್ಯೂಟನ್ನನ ಮೂರನೇ ನಿಯಮ ಅಷ್ಟೇ. ಅರವತ್ತು ಗ್ರಾಮೂ ತೂಗದ ಚೆಂಡು, ಮೇಲೆ ಉಣ್ಣೆಯ ನಯ ಬೇರೆ. ಅದಕ್ಕೇ ಗಾಳಿ ಇಷ್ಟು ಆಟ ಆಡಿಸುತ್ತದೆ. ಒಂದು ಸೆಮಿಸ್ಟರ್ ಪೂರ್ತಿ ನನ್ನ ತಲೆಗೆ ಹೋಗದ್ದು ನಾಲ್ಕು ನಿಮಿಷದಲ್ಲಿ ಹೋಯಿತು. ಆ ಖುಷಿಯನ್ನು ಅನುಭವಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಮರದ ನೆರಳಿನಲ್ಲಿ ಪುಳಿಯೋಗರೆ ತಿಂದೆವು. ನೀರು ತುಂಬಿಸಿಕೊಳ್ಳಲು ನಲ್ಲಿಯ ಹತ್ತಿರ ನಿಂತಿದ್ದೆವು. ಅಲ್ಲಿಗೆ ಬಂದಳು ನಮ್ಮ ಸೂಪರ್‌ವೈಸರ್. ನೇಪಾಳದ ಹುಡುಗಿ, ನನಗಿಂತ ಎರಡು ವರ್ಷಕ್ಕೆ ದೊಡ್ಡವಳು, ನರ್ಸಿಂಗ್ ಓದುತ್ತಾಳೆ. ಕೈಯಲ್ಲಿ ಐಸ್ ಬಕೆಟ್ಟು. ನನ್ನ ಟೋಪಿಯಿಂದ ಏನೂ ಉಪಯೋಗವಾಗಲಿಲ್ಲ. ‘ಅರೆ, ಛುಟ್ಟಿ ಮೇ ಭೀ ಇಧರ್? ಕಲ್ ಡಬಲ್ ಶಿಫ್ಟ್ ಕರೇಗಾ? ಫ್ರೈಯರ್ ಪೇ ಕೋಯಿ ನಹೀ ಹೈ’ ಎಂದಳು. ಅಪ್ಪ ಅಮ್ಮನಿಗೆ ನಮಸ್ತೆ ಬೇರೆ ಮಾಡಿದಳು. ‘ಆಪ್ ಕಾ ಬೇಟಾ ಬಹುತ್ ಮೆಹನತೀ ಹೈ, ಅಂಕಲ್.’

ಅಪ್ಪನಿಗೆ ಹಿಂದಿ ಅಷ್ಟಕ್ಕಷ್ಟೆ. ಡಬಲ್ ಶಿಫ್ಟ್, ಫ್ರೈಯರ್ ಅರ್ಥವಾಗಲು ಹಿಂದಿ ಬೇಕಿರಲಿಲ್ಲ.

ಅವಳು ಹೋದ ಮೇಲೆ ಯಾರೂ ಮಾತಾಡಲಿಲ್ಲ. ನಲ್ಲಿಯ ನೀರು ಬಾಟಲಿ ತುಂಬಿ ಹೊರಗೆ ಚೆಲ್ಲುತ್ತಿತ್ತು. ‘ಪ್ರೊಫೆಸರಾ ಅವಳು?’ ಎಂದರು ಅಪ್ಪ. ತಲೆ ತಗ್ಗಿಸಿ ಎಲ್ಲ ಹೇಳಿದೆ. 43, ಐದು ಸಾವಿರದ ಆರುನೂರು, ರೆಸ್ಟೊರೆಂಟಿನ ಪಾತ್ರೆ, ಎಲ್ಲ. ಅಮ್ಮ ನಡುವೆ ಒಂದೇ ಮಾತು ಆಡಿದಳು: ‘ಕರಿದ ಎಣ್ಣೆ ವಾಸನೆ ಬರೋ ಪ್ರಾಜೆಕ್ಟು ಯಾವುದಪ್ಪ ಅಂತ ನಾನೂ ಯೋಚನೆ ಮಾಡ್ತಿದ್ದೆ.’ ಬಟ್ಟೆ ಒಗೆಯಲು ಹಾಕುವಾಗಲೇ ಅವಳಿಗೆ ಗೊತ್ತಾಗಿತ್ತು.

ಅಪ್ಪ ಬೈಯಲಿಲ್ಲ. ‘ನಾಗಲ್ ಮ್ಯಾಚ್ ಯಾವ ಕೋರ್ಟು?’ ಎಂದು ಕೇಳಿ ಮುಂದೆ ನಡೆದರು. ಬೈದಿದ್ದರೆ ವಾಸಿಯಿತ್ತು.

ಸುಮಿತ್ ನಾಗಲ್ ಅಂದು ಆಡುತ್ತಿದ್ದದ್ದು ಕಜಕಸ್ತಾನದ ಅಲೆಕ್ಸಾಂಡರ್ ಬುಬ್ಲಿಕ್ ಜೊತೆ, 31ನೇ ಶ್ರೇಯಾಂಕದ ಆಟಗಾರ. ನಾಗಲ್ ನೂರರೊಳಗೂ ಇರಲಿಲ್ಲ. ಅರ್ಹತಾ ಸುತ್ತಿನ ಮೂರು ಪಂದ್ಯ ಗೆದ್ದು ಮುಖ್ಯ ಸುತ್ತಿಗೆ ಬಂದಿದ್ದರು. ಸಣ್ಣ ಕೋರ್ಟು, ಅದರ ತುಂಬ ನಮ್ಮವರೇ. ತ್ರಿವರ್ಣ ಧ್ವಜ, ಹಣೆಗೆ ಬಣ್ಣ, ಗುಜರಾತಿ, ತೆಲುಗು, ಪಂಜಾಬಿ. ಎರಡು ಸಾಲು ಹಿಂದೆ ಯಾರೋ ‘ಹೊಡಿ ಮಗಾ’ ಅಂದದ್ದೂ ಕೇಳಿತು. ಆ ವರ್ಷದಿಂದ ಒಂದೊಂದು ಗೇಮ್ ಮುಗಿದಾಗಲೂ ಜನರನ್ನು ಒಳಗೆ ಬಿಡುತ್ತಿದ್ದರು. ಹಾಗಾಗಿ ಸ್ವಲ್ಪ ಕಾದರೂ ನಮಗೆ ಜಾಗ ಸಿಕ್ಕಿತು, ಆದರೆ ಬೇರೆ ಬೇರೆ. ಅಮ್ಮ, ತಮ್ಮ ಒಂದು ಕಡೆ. ಅಪ್ಪನ ಪಕ್ಕ ನಾನು.

ಮೊದಲ ಸೆಟ್ 6–4. ಎರಡನೆಯದು 6–2. ಬುಬ್ಲಿಕ್ ಎತ್ತರದ ಆಳು, ಸರ್ವೀಸು ಗುಂಡಿನ ಹಾಗೆ. ಆದರೆ ಮನಸ್ಸು ಎಲ್ಲೋ ಇದ್ದಂತಿತ್ತು. ನಾಗಲ್ ಅವರ ಎದುರು ಗಿಡ್ಡ. ಪ್ರತಿ ಚೆಂಡಿಗೂ ಓಡುತ್ತಿದ್ದರು. ಅವರ ಆಟದಲ್ಲಿ ಚಂದಕ್ಕಿಂತ ದುಡಿಮೆ ಹೆಚ್ಚು ಕಾಣುತ್ತದೆ. ಬಿಡುವಿನಲ್ಲಿ ಅಪ್ಪ ಫೋನಿನಲ್ಲಿ ಏನೋ ಓದುತ್ತಿದ್ದರು. ‘ನಾಲ್ಕು ತಿಂಗಳ ಹಿಂದೆ ಈ ಹುಡುಗನ ಬ್ಯಾಂಕಿನಲ್ಲಿ ಇದ್ದದ್ದು 900 ಯೂರೊ ಅಂತೆ’ ಅಂದರು, ನನ್ನ ಮುಖ ನೋಡದೆ. ಹೌದು, 2023ರ ಸೆಪ್ಟೆಂಬರಿನಲ್ಲಿ ನಾಗಲ್ ಅದನ್ನು ಬಹಿರಂಗವಾಗಿ ಹೇಳಿಕೊಂಡಿದ್ದರು. ದೇಶದ ನಂಬರ್ ಒನ್ ಸಿಂಗಲ್ಸ್ ಆಟಗಾರ, ಉಳಿದದ್ದು 80 ಸಾವಿರ ರೂಪಾಯಿ. ಗೆದ್ದ ಹಣವೆಲ್ಲ ವಿಮಾನ, ಹೋಟೆಲು, ಕೋಚ್‌ಗೆ. ಈ ಪಂದ್ಯ ಗೆದ್ದರೆ ಅವರಿಗೆ ಸಿಗುವುದು 1,80,000 ಆಸ್ಟ್ರೇಲಿಯನ್ ಡಾಲರ್, ನಮ್ಮ ರೂಪಾಯಿಯಲ್ಲಿ ಕೋಟಿಯ ಹತ್ತಿರ.

‘ಹೇಳಿಕೊಂಡ ನೋಡು’ ಎಂದರು ಅಪ್ಪ. ಅಷ್ಟೇ. ಯಾರ ಬಗ್ಗೆ ಹೇಳುತ್ತಿದ್ದಾರೆ ಅಂತ ನಾನು ಕೇಳಲಿಲ್ಲ.

ಮೂರನೇ ಸೆಟ್ ಟೈಬ್ರೇಕಿಗೆ ಹೋಯಿತು. ಪಾಯಿಂಟಿನ ನಡುವೆ ಅಂಪೈರ್ ‘ಪ್ಲೀಸ್’ ಅಂದಾಗ ಇಡೀ ಕೋರ್ಟು ಥಟ್ಟನೆ ಸುಮ್ಮನಾಗುತ್ತಿತ್ತು. ಚೆಂಡು ಸತ್ತ ಕೂಡಲೇ ಜಾತ್ರೆ. 6–5ರಲ್ಲಿ ಅಪ್ಪನ ಕೈ ನನ್ನ ಮೊಣಕಾಲನ್ನು ಹಿಡಿದುಕೊಂಡದ್ದು ಅವರಿಗೇ ಗೊತ್ತಿರಲಿಲ್ಲ. 7–5. ಎಲ್ಲರೂ ಎದ್ದು ನಿಂತರು. ಅಪ್ಪ ಇನ್ನೂ ಕೂತೇ ಇದ್ದರು. ‘ವಿಲಾಂಡರ್ ಆದ ಮೇಲೆ ಇದೇ’ ಎಂದರು. ಹೌದು, ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್‌ನಲ್ಲಿ ಶ್ರೇಯಾಂಕಿತ ಆಟಗಾರನನ್ನು ಭಾರತದ ಪುರುಷ ಆಟಗಾರನೊಬ್ಬ ಸೋಲಿಸಿದ್ದು 1989ರ ಆ ರೇಡಿಯೊ ಸುದ್ದಿಯ ನಂತರ ಇದೇ ಮೊದಲು. ಮೂವತ್ತೈದು ವರ್ಷ. ನಾಗಲ್ ಎರಡನೇ ಸುತ್ತಿನಲ್ಲಿ ಸೋತರು, ಆ ಮಾತು ಬೇರೆ.

ವಾಪಸು ರೈಲಿನಲ್ಲಿ ಜಗಳವಾಯಿತು. ಗಲಾಟೆಯಿಲ್ಲದ, ಪಿಸುಮಾತಿನ ಜಗಳ. ಎದುರು ಸೀಟಿನಲ್ಲಿ ಬೇರೆಯವರಿದ್ದರು.

‘193 ಗಂಟೆ ಆಲೂಗಡ್ಡೆ ಕರಿದು ಆ ಫೀಸ್ ಕಟ್ತೀಯ ಸರಿ. ಮುಂದಿನ ಸೆಮಿಸ್ಟರಿನಲ್ಲಿ ಬಾಡಿಗೆಗೆ ಮತ್ತೆ ಪಾತ್ರೆ ತೊಳೀತೀಯ. ಮತ್ತೆ ಇನ್ನೊಂದು ಸಬ್ಜೆಕ್ಟು ಹೋಗುತ್ತೆ. ಅದಕ್ಕೆ ಮುಂದಿನ ಜನವರಿಯಲ್ಲಿ ಮತ್ತೆ ಆಲೂಗಡ್ಡೆ. ಇದು ಯಾವ ಇಂಜಿನಿಯರಿಂಗೋ?’

‘ಮನೆ ಪತ್ರ ಬ್ಯಾಂಕಿನಲ್ಲಿದೆ ಅಪ್ಪ. ನಿಮ್ಮನ್ನ ಇನ್ನೂ ಎಷ್ಟು ಕೇಳಲಿ?’

‘ಪತ್ರ ಇಟ್ಟಿರೋದು ನಾನು. ಚಿಂತೆ ಮಾಡೋದೂ ನಾನೇ. ನಿನಗೆ ಕೊಟ್ಟಿರೋ ಕೆಲಸ ಬೇರೆ.’

ನನಗೂ ಸಿಟ್ಟು ಬಂತು. ನನ್ನ ಜೊತೆಯವರೆಲ್ಲ ದುಡಿಯುತ್ತಾರೆ, ಆ ನೇಪಾಳದ ಹುಡುಗಿ ಮನೆಗೂ ದುಡ್ಡು ಕಳಿಸುತ್ತಾಳೆ, ಪಾತ್ರೆ ತೊಳೆಯುವುದರಲ್ಲಿ ಅವಮಾನ ಏನಿದೆ ಎಂದೆ. ‘ಅವಮಾನ ಅಂತ ನಾನೆಲ್ಲಿ ಅಂದೆ? ವಾರ್ಡ್‌ರೋಬಿನಲ್ಲಿ ಬಚ್ಚಿಟ್ಟವನು ನೀನು’ ಎಂದರು. ಐಡಿ ಕಾರ್ಡಿನ ವಿಷಯ ಅವರಿಗೆ ಹೇಗೆ ಗೊತ್ತಾಯಿತೆಂದು ತಮ್ಮನ ಕಡೆ ನೋಡಿದೆ. ಅವನು ಕಿಟಕಿಯಾಚೆ ನೋಡುತ್ತಿದ್ದ. ತೊಡೆಯ ಮೇಲೆ ಆ ದೊಡ್ಡ ಚೆಂಡು. ನನ್ನಿಂದ ಲಂಚವನ್ನೂ ತಗೊಂಡಿದ್ದ.

ಮೂರು ದಿನ ಅಪ್ಪ ನನ್ನ ಜೊತೆ ಬೇಕಾದಷ್ಟೇ ಮಾತಾಡಿದರು. ನಾನು ಶಿಫ್ಟಿಗೆ ಹೋಗುತ್ತಿದ್ದೆ, ಈಗ ಏಪ್ರನ್ ಕೈಯಲ್ಲೇ ಹಿಡಿದುಕೊಂಡು. ನಾಲ್ಕನೇ ದಿನ ಬೆಳಿಗ್ಗೆ ಟೇಬಲ್ ಮೇಲೆ ನನ್ನ ಫ್ಲೂಯಿಡ್ ಮೆಕ್ಯಾನಿಕ್ಸ್ ಪುಸ್ತಕ ತೆರೆದಿತ್ತು. ಪಕ್ಕದಲ್ಲಿ ಅಪ್ಪ ಪೆನ್ಸಿಲ್ ಹಿಡಿದು ಕೂತಿದ್ದರು. ‘ಎರಡನೇ ಚಾಪ್ಟರಿನಿಂದಲೇ ನಿನಗೆ ಗೊತ್ತಾಗಿಲ್ಲ ಅನ್ಸುತ್ತೆ. ಕೂತ್ಕೊ.’ ಆಮೇಲೆ ಅವರು ಹೊರಡುವವರೆಗೂ ದಿನಾ ಬೆಳಿಗ್ಗೆ ಎರಡು ಗಂಟೆ. ಊರಿನಲ್ಲಿ ಅಪ್ಪನ ಕ್ಲಾಸಿನಲ್ಲಿ ಕೂರಬಾರದು ಅಂತ ಹಟ ಹಿಡಿದು ಬೇರೆ ಕಾಲೇಜು ಸೇರಿದ್ದವನು ನಾನು.

ಅತ್ತ ಬೋಪಣ್ಣ ಗೆಲ್ಲುತ್ತಲೇ ಇದ್ದರು. ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಅವರ ಜೊತೆಗಾರ. ವಯಸ್ಸು 43. (ನನ್ನ ಮಾರ್ಕ್ಸೂ ಅದೇ ಅಂತ ತಮ್ಮ ನೆನಪಿಸಿದ.) ಮಂಡಿಯಲ್ಲಿ ಮೃದ್ವಸ್ಥಿ ಸವೆದುಹೋಗಿ, ಅಯ್ಯಂಗಾರ್ ಯೋಗದಿಂದ ಕಾಲು ಉಳಿಸಿಕೊಂಡು ಆಡುತ್ತಿದ್ದ ಮನುಷ್ಯ. ಕ್ವಾರ್ಟರ್‌ಫೈನಲ್ ಗೆದ್ದಾಗಲೇ ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್ ಆಗುವುದು ಖಚಿತವಾಯಿತು. ಅಷ್ಟು ವಯಸ್ಸಿನಲ್ಲಿ ಮೊದಲ ಸಲ ಆ ಸ್ಥಾನಕ್ಕೆ ಏರಿದವರು ಬೇರೆ ಯಾರೂ ಇಲ್ಲ. 25ರ ಸೆಮಿಫೈನಲ್ ಮೂರನೇ ಸೆಟ್ಟಿನ ಟೈಬ್ರೇಕಿನಲ್ಲಿ ಮುಗಿಯಿತು. ಅದೇ ದಿನ ಪದ್ಮಶ್ರೀಯೂ ಪ್ರಕಟವಾಯಿತು. ಅಪ್ಪನ ಫೋನಿಗೆ ಮಡಿಕೇರಿಯ ಹಳೆಯ ಸಹೋದ್ಯೋಗಿಗಳ ಮೆಸೇಜು ಒಂದರ ಮೇಲೊಂದು.

ಜನವರಿ 27, ಶನಿವಾರ, ಫೈನಲ್. ರಾಡ್ ಲೇವರ್ ಅರೀನಾದಲ್ಲಿ ಮಹಿಳಾ ಸಿಂಗಲ್ಸ್ ಫೈನಲ್ ಮುಗಿದ ಮೇಲೆ ಪುರುಷರ ಡಬಲ್ಸ್. ಆ ಟಿಕೆಟ್ಟಿನ ಬೆಲೆಯಲ್ಲಿ ನನ್ನ ಎರಡು ತಿಂಗಳ ಬಾಡಿಗೆ ಕಟ್ಟಬಹುದಿತ್ತು. ಅಪ್ಪ ಮತ್ತೆ ಗ್ರೌಂಡ್ ಪಾಸನ್ನೇ ತೆಗೆಸಿದರು, ಹೊರಗಿನ ದೊಡ್ಡ ಪರದೆಯಲ್ಲಿ ನೋಡುವುದಕ್ಕೆ. ನನಗೆ ರಾತ್ರಿ ಒಂಬತ್ತರವರೆಗೆ ಶಿಫ್ಟು.

ಏಳು ಗಂಟೆ ಇರಬೇಕು. ಕ್ಯೂ ಉದ್ದಕ್ಕಿತ್ತು. ತಲೆಯೆತ್ತಿದರೆ ಆರನೆಯವರಾಗಿ ಅಪ್ಪ ನಿಂತಿದ್ದಾರೆ. ಇಸ್ತ್ರಿ ಮಾಡಿದ ಬಿಳಿ ಷರಟು, ಜೇಬಿನಲ್ಲಿ ಪೆನ್ನು. ಮುಂದೆ ಬನ್ನಿ ಎಂದು ಕೈ ಸನ್ನೆ ಮಾಡಿದೆ. ಬರಲಿಲ್ಲ, ತಮ್ಮ ಸರದಿಗೆ ಕಾದರು. ಸೂಪರ್‌ವೈಸರ್ ಗುರುತು ಹಿಡಿದು, ‘ಅಂಕಲ್, ದುಡ್ಡು ಬೇಡ’ ಎಂದಳು. ಅಪ್ಪ ಕೇಳಲಿಲ್ಲ, ಕಾರ್ಡ್ ಒತ್ತಿದರು. ನಾನು ಕರಿದ ಚಿಪ್ಸನ್ನು ಒಂದು ತಿಂದು ನೋಡಿ, ‘ಉಪ್ಪು ಜಾಸ್ತಿ’ ಎಂದು ಹೇಳಿ, ಅಮ್ಮ ಕೂತಿದ್ದ ಕಡೆಗೆ ಹೋದರು.

ಶಿಫ್ಟ್ ಮುಗಿಸಿ ಓಡಿ ಬಂದಾಗ ಹುಲ್ಲಿನ ಮೇಲೆ ನನಗೆ ಜಾಗ ಹಿಡಿದಿಟ್ಟಿದ್ದರು. ಎದುರಾಳಿಗಳು ಇಟಲಿಯ ಬೊಲೆಲಿ ಮತ್ತು ವವಸ್ಸೋರಿ. ಮೊದಲ ಸೆಟ್ಟಿನ ಟೈಬ್ರೇಕಿನಲ್ಲಿ ಅವರಿಗೆ ಒಂದು ಪಾಯಿಂಟೂ ಸಿಗಲಿಲ್ಲ, 7–0. ಎರಡನೇ ಸೆಟ್ 7–5. ಎಬ್ಡೆನ್ ಅಲ್ಲಿಯವರೇ ಆದ್ದರಿಂದ ಆಸ್ಟ್ರೇಲಿಯಾದವರೂ ನಾವೂ ಒಂದೇ ಪಕ್ಷ. ಪಕ್ಕದ ಅಜ್ಜಿಯೊಬ್ಬರು ಅಮ್ಮನನ್ನು ತಬ್ಬಿಕೊಂಡರು. ಪರದೆಯಲ್ಲಿ ಬೋಪಣ್ಣ ಮಾತಾಡಿದರು. ಒಂದೆರಡು ವರ್ಷದ ಹಿಂದೆ ಪಂದ್ಯಗಳನ್ನೇ ಗೆಲ್ಲಲಾಗದೆ, ಇನ್ನು ಸಾಕು, ಆಟ ಬಿಡುತ್ತೇನೆ ಎಂದು ಹೆಂಡತಿಗೆ ವಿಡಿಯೊ ಮೆಸೇಜು ಕಳಿಸಿದ್ದನ್ನು ನೆನೆದರು. ಪುರುಷರ ಡಬಲ್ಸ್‌ನಲ್ಲಿ ಅದು ಅವರ ಮೊದಲ ಗ್ರ್ಯಾಂಡ್‌ಸ್ಲಾಮ್. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಪರದೆಯ ಬೆಳಕು ಜಾಸ್ತಿ ಅಂದರು.

ನನ್ನ ಲೆಕ್ಕ 193ಕ್ಕೆ ಮುಟ್ಟಲಿಲ್ಲ. ಟೂರ್ನಿ ಮುಗಿದಾಗ 131 ಗಂಟೆ ಆಗಿತ್ತು. ಉಳಿದದ್ದನ್ನು ಅಪ್ಪ ಕೊಡುವುದು, ಸೆಮಿಸ್ಟರ್ ನಡೆಯುವಾಗ ನಾನು ವಾರಕ್ಕೆ ಎರಡು ಶಿಫ್ಟಿಗಿಂತ ಹೆಚ್ಚು ಮಾಡದಿರುವುದು ಎಂದು ಒಪ್ಪಂದವಾಯಿತು. ಎರಡಾ, ಮೂರಾ ಎಂಬ ಬಗ್ಗೆ ಇನ್ನೂ ಫೋನಿನಲ್ಲಿ ಎಳೆದಾಟ ನಡೆಯುತ್ತಲೇ ಇದೆ.

ಫೆಬ್ರುವರಿ ಮೊದಲ ವಾರ ಅವರನ್ನು ಬೀಳ್ಕೊಡಲು ಏರ್‌ಪೋರ್ಟಿಗೆ ಹೋದೆ. ತಮ್ಮನ ದೊಡ್ಡ ಚೆಂಡು ಯಾವ ಬ್ಯಾಗಿನಲ್ಲೂ ಹಿಡಿಸಲಿಲ್ಲ. ಅದರ ಮೇಲೆ ಯಾವ ಆಟಗಾರನ ಸಹಿಯೂ ಬಿದ್ದಿರಲಿಲ್ಲ. ಕೊನೆಗೆ ನನ್ನದೇ ಹಾಕಿಸಿಕೊಂಡಿದ್ದ. ಚೆಕ್-ಇನ್ ಕೌಂಟರಿನ ಪಕ್ಕ ಅಪ್ಪ ಕುಕ್ಕರುಗಾಲಿನಲ್ಲಿ ಕೂತು, ಪೆನ್ನಿನ ತುದಿಯಿಂದ ವಾಲ್ವ್ ಒತ್ತಿ ಗಾಳಿ ಬಿಡತೊಡಗಿದರು. ಚೆಂಡು ಬುಸ್ಸೆಂದು ಸದ್ದು ಮಾಡುತ್ತಾ ನಿಧಾನಕ್ಕೆ ಕುಗ್ಗಿತು.

‘ಒಳಗಿನ ಪ್ರೆಷರ್ ಕಮ್ಮಿಯಾದ ಹಾಗೆ ಗಾಳಿ ಹೊರಗೆ ಬರೋ ವೇಗ ಏನಾಗುತ್ತೋ?’ ಎಂದರು, ತಲೆಯೆತ್ತದೆ.

ಹೇಳಿದೆ. ಸರಿಯಾಗಿತ್ತು.